ಶಂಭುಲಿಂಗಪ್ಪನವರು ಊರು ತೋರಿಸಿದ್ದು

ಗುಂಡ್ಲುಪೇಟೆಯ ಬೆಲ್ಲದ ವ್ಯಾಪಾರಿ ಶಂಭುಲಿಂಗಪ್ಪನವರ ಸಂಸಾರದಲ್ಲಿ ಬಿರುಗಾಳಿ ಎಬ್ಬಿಸಿದ್ದು ಊಟಿ. ಚಾಮರಾಜನಗರದಲ್ಲಿದ್ದ ನಾದಿನಿ ಚಿಕ್ಕಮಲ್ಲಮ್ಮ ಗಂಡನ ಜೊತೆ ಊಟಿಗೆ ಹೋಗಿ, ಸ್ವೆಟರ್ ಹಾಕಿಕೊಂಡು ಫೋಟೋ ತೆಗೆಸಿಕೊಂಡು ಬಂದಿದ್ದಳು. ಅಂದಿನಿಂದ ಹೆಂಡತಿ ಮಂಗಳಗೌರಮ್ಮ ಸಾರಿಗೆ ಒಗ್ಗರಣೆ ಹಾಕುವಾಗಲೂ ನಿಟ್ಟುಸಿರು ಬಿಡುತ್ತಿದ್ದರು. (ಒಗ್ಗರಣೆಗಿಂತ ನಿಟ್ಟುಸಿರಿನ ಸದ್ದೇ ಜೋರು.)

"ಸುಖ ಹುಡುಕ್ಕೊಂಡು ಬೆಟ್ಟ ಹತ್ಬೇಕಾ? ನಮ್ಮೂರಲ್ಲೇ ಬೇಕಾದಷ್ಟು ಅದೆ ಕಣೆ," ಎಂದು ಶಂಭುಲಿಂಗಪ್ಪನವರು ಒಂದು ದಿನ ತತ್ತ್ವೋಪದೇಶ ಆರಂಭಿಸಿದರು. "ಅಡಿಗೆಮನೆ ಬುಟ್ಟು ಆಚೆ ಬರ್ದೋಳು ನೀನು, ನಿಂಗೇನು ಗೊತ್ತು? ನಡಿ, ತೋರಿಸ್ತೀನಿ."

ಮಂಗಳಗೌರಮ್ಮ ಸೆರಗು ಸರಿಮಾಡಿಕೊಂಡು ಹೊರಟರು.

ಮೊದಲು ಬಸ್ ಸ್ಟ್ಯಾಂಡು. ಊಟಿಯಿಂದ ಬಂದ ಬಸ್ಸು ಆಗಷ್ಟೇ ನಿಂತಿತ್ತು. "ಉಸಿರು ಎಳ್ಕೊ! ನೀಲಗಿರಿ ಎಣ್ಣೆ ಘಮಲು! ಊಟಿನೇ ದಿನಾ ಇಲ್ಲಿಗೆ ಬರುವಾಗ ನಾವ್ಯಾಕೆ ಅಲ್ಲಿಗೆ ಹೋಗನ?"

ಮಂಗಳಗೌರಮ್ಮ ಉಸಿರೆಳೆಯುವಷ್ಟರಲ್ಲಿ ಕಂಡಕ್ಟರ್ ಮಂಟೇಸ್ವಾಮಿ ಇಳಿದು ಓಡಿಬಂದ. "ಅಕ್ಕಾ, ಈ ಸಾರಿ ಪ್ಲಮ್ ಅಣ್ಣು ಸಿಗ್ನಿಲ್ಲ ಕಣಕ್ಕ. ಕ್ಯಾರೆಟ್ ತಂದಿವ್ನಿ," ಎಂದು ಅವರ ಕೈಗೆ ಗಂಟು ಕೊಟ್ಟ.

ಶಂಭುಲಿಂಗಪ್ಪನವರು ಅದನ್ನು ಕಾಣದವರಂತೆ ಹೆಂಡತಿಯನ್ನು ಕೆರೆ ಏರಿಯ ತಂಗಾಳಿಗೆ ಕರೆದೊಯ್ದರು. ಅಲ್ಲಿ ಹೂ ಮಾರುವ ಕರಿಯಮ್ಮ, "ಬಾರವ್ವ, ನಿನ್ ಕಲ್ಲು ಯಾರ್ಗೂ ಬುಟ್ಟಿಲ್ಲ," ಎಂದು ಸೆರಗಿನಿಂದ ಚಪ್ಪಡಿ ಒರೆಸಿದಳು. ಕಲ್ಲಿನ ಮೇಲೆ ಒಬ್ಬರಿಗೇ ಜಾಗ. ಶಂಭುಲಿಂಗಪ್ಪನವರು ನಿಂತೇ ತಂಗಾಳಿ ಸೇವಿಸಿದರು.

"ಬಾಯಾರ್ತದೆ. ಶಾಂತಮಲ್ಲಪ್ಪನ ಹೋಟ್ಲಲ್ಲಿ ಕಾಪಿ ಕುಡಿಯನ ನಡೀರಿ," ಎಂದರು ಮಂಗಳಗೌರಮ್ಮ.

ಶಂಭುಲಿಂಗಪ್ಪನವರು ದಾರಿಗೆ ಅಡ್ಡ ನಿಂತರು. ಅಜೀರ್ಣವೆಂದು ಮನೆಯಲ್ಲಿ ಮಧ್ಯಾಹ್ನದ ತಿಂಡಿ ಬಿಟ್ಟು, ಅದೇ ಹೋಟೆಲಿನಲ್ಲಿ ಸ್ನೇಹಿತರೊಂದಿಗೆ ಹರಟುತ್ತಾ ನಿತ್ಯ ಎರಡು ಮಸಾಲೆ ದೋಸೆ ಸ್ವಾಹಾ ಮಾಡುತ್ತಿದ್ದ ಮಹಾನುಭಾವರು ಅವರು! "ಮರ್ಯಾದಸ್ಥರ ಮನೆ ಹೆಂಗಸ್ರು ಹೋಟ್ಲಿಗೆ ಹೋದಾರಾ?" ಎನ್ನುವಷ್ಟರಲ್ಲಿ ಹೆಂಡತಿ ಪಕ್ಕದ ಓಣಿಗೆ ತಿರುಗಿ, ಹೋಟೆಲಿನ ಹಿಂಬಾಗಿಲು ದಾಟಿಯಾಗಿತ್ತು. ಒಳಗೆ ಒಂದು ಬೆಂಚು, ಒಂದು ಪರದೆ.

"ಬನ್ನಿ ಅಮ್ಮಾವ್ರೆ," ಎಂದ ಶಾಂತಮಲ್ಲಪ್ಪ, ಹಿಂದೆ ಬಂದವರನ್ನು ಕಂಡು ತಬ್ಬಿಬ್ಬಾದ. "ಯಜಮಾನ್ರೆ, ನೀವು ಮುಂದ್ಗಡೆಯವ್ರಲ್ವಾ? ಈ ಕಡೆ ಬಂದ್ಬುಟ್ರಿ?"

"ನೀನು ಇಲ್ಲಿಗೆ ಬರ್ತೀಯಾ?" ಶಂಭುಲಿಂಗಪ್ಪನವರ ಸ್ವರ ಕೀರಲಾಯಿತು.

"ವರ್ಷವಾಯ್ತು. ನಾನು, ಪಕ್ಕದ್ಮನೆ ದೊಡ್ಡಮಲ್ಲಮ್ಮ. ಪರದೆ ಆಚೆ ನೀವು, ಈಚೆ ನಾವು."

"ಹಂಗಾದ್ರೆ ನಾನು ಆಡಿದ್ದು..."

"ನನ್ನ ಅಕ್ಕಿ ರೊಟ್ಟೀಲಿ ಮೆಟ್ಟು ಹೊಲಿಸ್ಬೋದು ಅಂದ್ರಲ್ಲ, ಅದಾ? ದೊಡ್ಡಮಲ್ಲಮ್ಮಂಗೆ ನಗು ಬಂದು ಕಾಪಿ ನೆತ್ತಿಗೇರ್ತು. ನಿಮ್ ಮಾತು ಕೇಳಾಕೇ ಬರ್ತಿದ್ವಿ ಕಣ್ರೀ. ದೋಸೆಗಿಂತ ಅದೇ ರುಚಿ."

ಪರದೆಯ ಆಚೆ ಐದಾರು ಜನ ಗೊಳ್ಳೆಂದರು. ಒಂದೊಂದು ನಗುವೂ ಯಾರದೆಂದು ಶಂಭುಲಿಂಗಪ್ಪನವರಿಗೆ ಗೊತ್ತಿತ್ತು.

ಮಾರನೆಯ ಮಧ್ಯಾಹ್ನ ಅವರು ಹೋಟೆಲಿನತ್ತ ತಲೆ ಹಾಕದೆ ಮನೆಯಲ್ಲೇ ಉಳಿದರು. ಹಸಿವು ತಾಳಲಾರದೆ ಅಡಿಗೆಮನೆಗೆ ಹೋದರೆ ಒಲೆ ತಣ್ಣಗಿತ್ತು. ಮಂಗಳಗೌರಮ್ಮ ಹೊಸ ಸೀರೆಯುಟ್ಟು ಹೊಸ್ತಿಲು ದಾಟುತ್ತಿದ್ದರು.

"ಎಲ್ಲಿಗೆ?"

"ಹೋಟ್ಲಿಗೆ. ನಿಮ್ಮ ಸ್ನೇಹಿತರು ಹೇಳಿ ಕಳ್ಸಿದ್ರು. ಇವತ್ತು ಆಚೆ ಕಡೆ ಅವರು ಕೇಳ್ತಾರಂತೆ, ಈಚೆ ಕಡೆಯಿಂದ ನಾನು ಮಾತಾಡ್ಬೇಕಂತೆ. ನಿಮ್ ವಿಚಾರ!"