ಸೀರೆಯ ಇನ್ನೊಂದು ತುದಿ

‘ಗೊತ್ತಿಲ್ಲ’ ಎನ್ನುವುದು ಪುಟ್ಟ ಮಾತು. ಆದರೆ ಅಪ್ಪಂದಿರ ಬಾಯಲ್ಲಿ ಅದು ಸುಲಭವಾಗಿ ಹೊರಳುವುದಿಲ್ಲ. ಬನಶಂಕರಿ ಬಸ್ ನಿಲ್ದಾಣದಲ್ಲಿ ಯಾರಾದರೂ ದಾರಿ ಕೇಳಿದರೆ ಗೊತ್ತಿಲ್ಲ ಎನ್ನುವ ಬದಲು ಎತ್ತಲೋ ಕೈ ತೋರಿಸಿಬಿಡುವವರ ಪೈಕಿ ನಾನು. ಇಂಥವನನ್ನು ಎಂಟನೇ ಕ್ಲಾಸಿನ ಮಗಳು ಅನಘಾ, ಎರಡರ ಘಾತ ಸೊನ್ನೆ ಎಂದರೆ ಎಷ್ಟು ಎಂದು ಕೇಳಿದಳು. ಸ್ನಾನಕ್ಕೆ ಹೊರಟಿದ್ದ ನಾನು ಟವೆಲು ಹೆಗಲಿಗೇರಿಸಿಕೊಂಡೇ, ಸೊನ್ನೆ ಎಂದೆ. ಎರಡನ್ನು ಒಂದು ಸಲವೂ ಗುಣಿಸದಿದ್ದರೆ ಇನ್ನೇನು ತಾನೇ ಉಳಿಯುತ್ತದೆ? ಘಾತ ಮೈನಸ್ ಒಂದಾದರೆ ಉತ್ತರ ಮೈನಸ್ ಎರಡು ಎಂದು ಕೇಳದ ಪ್ರಶ್ನೆಗೂ ಉತ್ತರ ದಯಪಾಲಿಸಿ ಬಚ್ಚಲಿಗೆ ಹೋದೆ.

ಮರುದಿನ ಅವಳು ಕ್ಲಾಸಿನಲ್ಲಿ ಎಲ್ಲರಿಗಿಂತ ಮೊದಲು ಕೈಯೆತ್ತಿ ಎರಡೂ ಉತ್ತರ ಹೇಳಿದಳಂತೆ. ಸರಿಯುತ್ತರ ಮೊದಲನೆಯದಕ್ಕೆ ಒಂದು, ಎರಡನೆಯದಕ್ಕೆ ಅರ್ಧ. ಹೀಗೆಂದು ಯಾರು ಹೇಳಿಕೊಟ್ಟರು ಎಂದು ಮಿಸ್ ಕೇಳಿದ್ದಕ್ಕೆ ನಮ್ಮಪ್ಪ ಎಂದಳಂತೆ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಮನೆಗೆ ಬಂದು ಜಗಳವಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಆಡಲಿಲ್ಲ. ಒಂದು ವಾರ ಅವಳ ಅನುಮಾನಗಳೆಲ್ಲ ಫೋನಿನ ವಿಡಿಯೋಗಳ ಪಾಲಾದವು. ನ್ಯೂಸ್ ನೋಡುವಾಗ ತಲೆ ತಿನ್ನುತ್ತಾಳೆಂದು ಗೊಣಗುತ್ತಿದ್ದ ನಾನು ಟಿವಿಯ ದನಿ ತಗ್ಗಿಸಿಕೊಂಡು ಕಾದೆ. ಇನ್ನು ನನ್ನನ್ನು ಏನೂ ಕೇಳುವುದೇ ಇಲ್ಲವೇನೋ ಎಂದು ಸಂಕಟವಾಯಿತು. ಆದರೂ ಆ ಮಿಸ್ಸೇ ತಪ್ಪಿರಬೇಕು ಎಂಬ ಗುಮಾನಿ ಮಾತ್ರ ಹೋಗಲಿಲ್ಲ.

ನಮ್ಮಲ್ಲಿ ವರ್ಷಕ್ಕೊಮ್ಮೆ ರೇಷ್ಮೆ ಸೀರೆಗಳ ಮಡಿಕೆ ಬದಲಾಯಿಸುವ ಶಾಸ್ತ್ರವಿದೆ. ಒಂದೇ ಮಡಿಕೆಯಲ್ಲಿ ಬಿಟ್ಟರೆ ಜರಿ ಅಲ್ಲೇ ಸೀಳುತ್ತದೆ. ಬಿಚ್ಚುವವಳು, ಮಡಿಸುವವಳು ನನ್ನ ಹೆಂಡತಿ ಸುಮಾ. ಇನ್ನೊಂದು ತುದಿ ಹಿಡಿದು ನಿಲ್ಲುವುದು ನನ್ನ ಪಾಲಿನದು. ಅದಕ್ಕೆ ದೊಡ್ಡ ಅರ್ಹತೆಯೇನೂ ಬೇಡ, ಕೈ ಒದ್ದೆಯಿರಬಾರದು, ಅಷ್ಟೇ. ಆ ಭಾನುವಾರ ನಮ್ಮ ಜೆ.ಪಿ. ನಗರದ ಮನೆಯ ಹಾಲಿನಲ್ಲಿ, ಟಿವಿಯಿಂದ ಅಡುಗೆಮನೆ ಬಾಗಿಲವರೆಗೆ ಅವಳ ಧಾರೆ ಸೀರೆ ಬಿಚ್ಚಿಕೊಳ್ಳುತ್ತಿತ್ತು. ನೀರು ಕುಡಿಯಲು ಹೊರಟಿದ್ದ ಅನಘಾ ದಾರಿಯಿಲ್ಲದೆ ನಿಂತಳು. ಒಂದೊಂದು ಮಡಿಕೆ ಬಿಚ್ಚಿದಂತೆ, ಎಂಟು, ನಾಲ್ಕು, ಎರಡು ಎಂದು ಪದರ ಎಣಿಸತೊಡಗಿದಳು. ಪೂರ್ತಿ ಬಿಚ್ಚಿದ ಮೇಲೆ ನನ್ನ ಕಡೆ ತಿರುಗಿದಳು.

“ಅಪ್ಪಾ, ಈಗ ಎಷ್ಟು ಮಡಿಕೆ ಇದೆ?”

“ಒಂದೂ ಇಲ್ಲ. ಸೊನ್ನೆ.”

“ಪದರ?”

ಸೊನ್ನೆ ಎನ್ನಲು ಬಾಯಿ ತೆರೆದೆ. ಆದರೆ ಸೀರೆ ಕೈಯಲ್ಲೇ ಇತ್ತಲ್ಲ. ಒಂದು ಎಂದೆ.

ಮಡಿಕೆಯೇ ಘಾತ, ಪದರವೇ ಉತ್ತರ. ಒಂದೊಂದು ಸಲ ಮಡಿಸಿದಾಗಲೂ ಪದರ ಎರಡರಷ್ಟು, ಬಿಚ್ಚಿದಾಗಲೂ ಅರ್ಧ. ಮಡಿಸದೆ ಬಿಟ್ಟರೆ ಸೀರೆಯೇನೂ ಮಾಯವಾಗುವುದಿಲ್ಲ ಎಂದು ಅವಳು, ಗೆದ್ದೆನೆಂಬ ಜಂಬವಿಲ್ಲದೆ, ಬಿಡಿಸಿ ಹೇಳಿದಳು. ಮೈನಸ್ಸಿನ ಗತಿಯೇನು ಎಂದು ಕೇಳಿದೆ.

“ಇನ್ನೊಂದ್ ಹೆಜ್ಜೆ ಹಿಂದಕ್ಕೆ ಹೋಗ್ಬೇಕು. ಒಂದರಲ್ಲೂ ಅರ್ಧ. ಬಿಚ್ಚೋಕೆ ಇನ್ನೇನೂ ಇಲ್ವಲ್ಲ, ಕತ್ತರಿ ಬೇಕು.”

ಸುಮಾ ಸೀರೆಯನ್ನು ಎದೆಗವುಚಿಕೊಂಡಳು. “ನಿಮ್ಮಪ್ಪನ ಪಂಚೆ ಇದೆ, ಅದರಲ್ಲಿ ಮಾಡ್ಕೋ.”

ಇಲ್ಲಿ ಮೈನಸ್ ಎಂದರೆ ಸೊನ್ನೆಗಿಂತ ಕೆಳಗೆ ಬೀಳುವುದಲ್ಲ, ಅರ್ಧರ್ಧವಾಗುತ್ತ ಹೋಗುವುದು ಎಂದು ಐವತ್ತರ ಹತ್ತಿರ ಬಂದ ಈ ತಲೆಗೆ ಹೊಳೆಯಿತು. “ಪುಸ್ತಕ ತರ್ತೀನಿ ಅಪ್ಪಾ, ಉಳಿದಿದ್ದು ಒಟ್ಟಿಗೇ ಮಾಡೋಣ” ಎಂದು ಅನಘಾ ರೂಮಿಗೆ ಓಡಿದಳು. ನನ್ನ ಕಣ್ಣು ತೇವವಾಯಿತು. ನುಸಿಗುಳಿಗೆಯ ಘಾಟು ಎಂದು ಸುಮಾಗೆ ಹೇಳಿದೆ.

ಯೋಚಿಸಿದರೆ ಈ ಮನೆಯಲ್ಲಿ ನಾನೂ ಸೊನ್ನೆ ಘಾತದವನೇ. ಏನೂ ಮಾಡದೆ ತುದಿ ಹಿಡಿದು ನಿಂತವನನ್ನು ಸೊನ್ನೆ ಎನ್ನದೆ ಒಂದು ಆಳೆಂದು ಲೆಕ್ಕಕ್ಕೆ ಹಿಡಿಯುತ್ತಾರಲ್ಲ, ಇವರಿಬ್ಬರ ಋಣ ದೊಡ್ಡದು. ಆ ಸಂತೋಷದಲ್ಲಿ, ಮುಂದಿನ ಸೀರೆಯನ್ನು ಮೊದಲು ಉದ್ದಕ್ಕೆ ಮಡಿಸಿದರೆ ಚೆನ್ನ ಎಂದು ಸುಮಾಗೆ ಒಂದು ಸಲಹೆ ಕೊಟ್ಟೆ. ಅವಳು ತಲೆಯೆತ್ತಿ ನೋಡಿದ ನೋಟಕ್ಕೇ ಅರ್ಧವಾದೆ.