ಬಾಗಿಲ ಪಕ್ಕದ ಟೊಳ್ಳು ಕಲ್ಲು

ನನ್ನದು ಸಂಶಯದ ಸ್ವಭಾವ. ಬೀಗ ಹಾಕಿದ ಮೇಲೆ ಒಮ್ಮೆ ಜಗ್ಗಿ ನೋಡುವವರು ಎಲ್ಲ ಕಡೆ ಇರುತ್ತಾರೆ; ನಾನು ಜಗ್ಗಿ ನೋಡಿ, ಜಗ್ಗಿದ್ದರಿಂದಲೇ ಸಡಿಲವಾಯಿತೇನೋ ಎಂದು ಮತ್ತೆ ಜಗ್ಗುತ್ತೇನೆ. ಬಾಗಿಲ ಪಕ್ಕದ ದೀಪದ ಗೂಡಿನಲ್ಲಿ ಚೇಳು ಸೇರಿದೆಯೆಂಬ ಅನುಮಾನ ಬಂದು ಅದರ ಬಾಯಿಗೆ ಚಪ್ಪಡಿಯಂಥ ಪರಸಿಕಲ್ಲು ಕೂಡಿಸಿ ಮುಚ್ಚಿಸಿದವನು ನಾನು. ಆಮೇಲೆ, ಚೇಳು ಒಳಗೇ ಉಳಿಯಿತೇನೋ ಎಂಬ ಅನುಮಾನ! ಕೆಂಭಾವಿ ಸಂತೆಯಲ್ಲಿ ಬೆರಳು ಮಡಚಿ ಗಡಿಗೆಗಳನ್ನು ಒಂದೊಂದಾಗಿ ಬಾರಿಸುತ್ತ ಕುಳಿತಾಗ, ಮಾರುವಾಕೆ, "ಗಡಿಗಿ ತಗೋತೀರೋ, ಭಜನಿಗೆ ಕುಂತೀರೋ?" ಎಂದು ಕೇಳಿದ್ದಳು.

ಇಂಥವನು ಶಹಾಪುರದ ನಮ್ಮ ಮನೆಯ ಮುಂಗೋಡೆಗೆ ಕಲ್ಲು ಅಂಟಿಸಲು ಹೊರಟೆ. ಸುತ್ತ ಗುಡ್ಡದ ತುಂಬ ಕಲ್ಲೇ ಇರುವ ಊರಲ್ಲಿ, ಬೆರಳುದಪ್ಪದ ಕಲ್ಲಿಗಾಗಿ ಅಂಗಡಿಗೆ ಹೋದೆ. ಇಟ್ಟಂಗಿಯಂತೆ ಕಾಣುವ ತೆಳ್ಳನೆಯ ಬಿಲ್ಲೆ ತೋರಿಸಿದರು. ನೋಡಿದವರು ಇಡೀ ಗೋಡೆಯೇ ಇಟ್ಟಂಗಿಯದೆಂದು ನಂಬಬೇಕಂತೆ, ನಾನು ನಂಬಲಿಲ್ಲ. ಅಚ್ಚಿನಲ್ಲಿ ಎರೆದ ಸಿಮೆಂಟ್ ಕಲ್ಲು ತೋರಿಸಿದರು. ಎಲ್ಲದಕ್ಕೂ ಒಂದೇ ಜಾಗದಲ್ಲಿ ಬಿರುಕು. ಕೊನೆಗೆ, ಗಣಿಯಿಂದ ತಂದು ಸೀಳಿದ ಅಸಲಿ ಕಲ್ಲನ್ನು ಉಗುರಿನಿಂದ ಕೆರೆದು, ನೀರು ಸುರಿದು, ಮೂಸಿಯೂ ನೋಡಿ ತಂದೆ.

ಇಷ್ಟೆಲ್ಲ ಸುರಪುರದ ಮಾವನವರಿಗಾಗಿ. ಅವರು ಮೊಳದಪ್ಪದ ಕಲ್ಲುಗೋಡೆಯ ಮನೆಯವರು. "ಕಲ್ಲಿಲೆ ಮನಿ ಕಟ್ತಾರ, ಮನಿಗಿ ಕಲ್ಲಿನ ಅಂಗಿ ಹೊಲಸ್ತಾರೇನವ್ವ?" ಎಂದು ಫೋನಿನಲ್ಲಿ ನಕ್ಕು ಮಗಳನ್ನು ನೋಯಿಸಿದ್ದರು. ಮನೆಗೆ ಬಂದಾಗ ಅಪ್ಪನ ಬಾಯಿಂದ "ಗಟ್ಟಿ ಅದ" ಎಂಬ ಒಂದು ಮಾತು ಕೇಳಬೇಕೆಂದು ನನ್ನ ಹೆಂಡತಿ ಕಾದಿದ್ದಳು.

ಕಲ್ಲು ಅಂಟಿಸಿದ ಗೌಂಡಿ ಬಹಳ ಒಳ್ಳೆಯವನಂತೆ ಮಾತಾಡುತ್ತಿದ್ದ. ನನಗೆ ಅದೇ ಅನುಮಾನ. ಮಾವ ಬರುವ ದಿನ ಬೆಳಿಗ್ಗೆ ಗೋಡೆಯನ್ನು ಈ ತುದಿಯಿಂದ ಬಾರಿಸುತ್ತ ಹೋದೆ. ಟಕ್, ಟಕ್, ಟಕ್. ಬಾಗಿಲ ಪಕ್ಕಕ್ಕೆ ಬಂದಾಗ, ಡಬ್! ಕಲ್ಲಿನ ಹಿಂದೆ ಗಾರೆ ಇಲ್ಲ, ಟೊಳ್ಳು! ನನ್ನ ಎದೆಯೂ ಹಾಗೇ ಅಂದಿತು. ಅಷ್ಟರಲ್ಲಿ ಮಾವನವರ ಆಟೋ ಬಂದು ನಿಂತಿತು. ಆ ಕಲ್ಲಿಗೆ ಬೆನ್ನು ಕೊಟ್ಟು ನಿಂತೆ.

"ಕೂಡ್ರಿ ಅಳಿಯಾರ," ಎಂದರು ಮಾವ, ಕಟ್ಟೆಯ ಮೇಲೆ ಕೂಡುತ್ತ.

"ಇಲ್ರಿ ಮಾವಾರ, ಇಲ್ಲಿ ಗಾಳಿ ಛಲೋ ಬರಾಕತ್ತದ," ಎಂದೆ. ಅಂಗಳದ ಬೇವಿನ ಒಂದೆಲೆಯೂ ಅಲುಗುತ್ತಿರಲಿಲ್ಲ. ಚಹಾವನ್ನೂ ನಿಂತೇ ಕುಡಿದೆ. ಮಾವ ಮಗಳನ್ನು ಕರೆದು, "ಯವ್ವಾ, ಇವರಿಗೆ ಕುರು ಆಗ್ಯಾದೇನು? ಕೂಡವಲ್ರಲ್ಲ," ಎಂದು ಪಿಸುಗುಟ್ಟಿದ್ದು ನನಗೂ ಕೇಳಿಸಿತು.

ಆಮೇಲೆ ಅವರು ಎದ್ದು, ಬೆರಳು ಮಡಚಿ, ಗೋಡೆ ಬಾರಿಸತೊಡಗಿದರು. ಥೇಟ್ ನನ್ನ ಹಾಗೆಯೇ! ಟಕ್ ಟಕ್ ಎನ್ನಿಸುತ್ತ ನನ್ನ ಭುಜದವರೆಗೆ ಬಂದರು.

"ಬಾಜೂಕ ಸರೀರಿ," ಎಂದರು.

"ಈ ಕಲ್ಲೂ ಹಂಗೇ ಅದರಿ," ಎಂದೆ.

ತೋಳು ಹಿಡಿದು ನನ್ನನ್ನು ಪಕ್ಕಕ್ಕೆ ಎಳೆದು ಬಾರಿಸಿದರು. ಡಬ್. ಹೊಸ್ತಿಲಲ್ಲಿದ್ದ ಹೆಂಡತಿಯ ಮುಖ ಸಣ್ಣದಾಯಿತು. ನನಗೆ ತಡೆಯಲಾಗಲಿಲ್ಲ. "ನನಗ ಮೊದಲೇ ಗೊತ್ತಿತ್ತರಿ, ಆ ಗೌಂಡಿ ಕಳ್ಳ!" ಎಂದು ಕೂಗಿದೆ.

"ಅಯ್ಯ, ಆ ಕಲ್ಲಿನ ಹಿಂದ ದೀಪದ ಗೂಡದರಿ!" ಎಂದಳು ಹೆಂಡತಿ. "ಚೇಳು ಅದ ಅಂತ ನೀವೇ ಮುಚ್ಚಿಸೀರಿ!"

ಮಾವ ಎರಡೂ ಕೈಯಿಂದ ಆ ಕಲ್ಲನ್ನು ಜಗ್ಗಿದರು. ಅದು ಜಪ್ಪೆನ್ನಲಿಲ್ಲ. "ಗೋಡಿ ಗಟ್ಟಿ ಅದ ಬಿಡವ್ವ," ಎಂದರು. ಹೆಂಡತಿಯ ಮುಖ ಅರಳಿತು. ನನಗೂ ಖುಷಿಯಾಯಿತು, ಆದರೆ ಮಾವನವರ ಬೆರಳು ಇನ್ನೂ ಮಡಚಿಯೇ ಇತ್ತು, ಅವರು ನನ್ನ ತಲೆಯನ್ನೇ ನೋಡುತ್ತಿದ್ದರು. ನಾನು ಮೆಲ್ಲಗೆ ಹಿಂದೆ ಸರಿದೆ.