ನೂರು ಲಿಂಕು ಮತ್ತು ನಾಲ್ಕು ಬೆರಳಗಲದ ಫೋಟೊ

ಬೆಳ್ಳಿ ಕೆಲಸಕ್ಕೆ ಹೆಸರಾದ ಹುಪರಿಯ ಚಂದ್ರಕೋರ ಚಾಂದಿ ಕಾರೀಗರ ಸಹಕಾರಿ ಸಂಘಕ್ಕೆ ಜಾಲತಾಣದ ಅಗತ್ಯವೇನೂ ಇರಲಿಲ್ಲ. ಆದ್ದರಿಂದ ಆ ವಿಷಯ ಸಭೆಯ ಮುಂದೆ ಬಂದಾಗ ಯಾವ ತಕರಾರೂ ಇಲ್ಲದೆ ಮಂಜೂರಾಯಿತು. ಜಾಲತಾಣ ಆದ ಮೇಲೆ ಅದನ್ನು ನೋಡುವವರು ಯಾರಾದರೂ ಬೇಕಲ್ಲ? ಹೊರಗಿನವರು ಯಾರೂ ನೋಡದ ಕಾರಣ, ನೋಡುವುದಕ್ಕೆಂದೇ ಪ್ರಣಾಲಿ ಎಂಬ ಹುಡುಗಿಯನ್ನು ಹನ್ನೊಂದು ತಿಂಗಳ ಕರಾರಿನ ಮೇಲೆ ನೇಮಿಸಲಾಯಿತು.

ಒಂದು ಕರಾರು ಮುಗಿದು ಇನ್ನೊಂದು ಶುರುವಾಗುವ ನಡುವೆ ಒಂದು ದಿನದ ವಿರಾಮ. ಆ ದಿನ ಪ್ರಣಾಲಿ ಕಾಗದದ ಮೇಲೆ ನಿರುದ್ಯೋಗಿ. ಕಚೇರಿಗೆ ಬರಬಹುದು, ಬರಲೇಬೇಕು, ಕೆಲಸವನ್ನೂ ಮಾಡಬೇಕು. ಸಂಘದ ಕುರ್ಚಿಯ ಮೇಲೆ ಮಾತ್ರ ಕೂರುವಂತಿಲ್ಲ, ಹೊರಗಿನವರು ಕೂತಂತಾಗುತ್ತದೆ. ಹೀಗೆ ಮೂರು ಕರಾರುಗಳ ನಡುವೆ ಎರಡು ದಿನ ಆಕೆ ನಿಂತುಕೊಂಡೇ ಟೈಪು ಮಾಡಿದ್ದಾಳೆ.

ಮನೆಯಲ್ಲಿ ಇದ್ದವಳು ಸೋದರತ್ತೆ ಧೊಂಡುಬಾಯಿ. ಮೂವತ್ತೆಂಟು ವರ್ಷ ಉರಿಯ ಮುಂದೆ ಕೂತು, ಊದುಗೊಳವೆ ಬಾಯಿಗಿಟ್ಟು, ಕಾಲಿನ ಪೈಂಜಣಗಳಿಗೆ ಬೆಳ್ಳಿಯ ಗೆಜ್ಜೆ ಬೆಸೆದವಳು. ಕಣ್ಣು ಮಂಜಾಗಿದ್ದವು. ಕೆಮ್ಮು ಹಳೇ ಬಾಡಿಗೆದಾರನ ಹಾಗೆ ಎದೆಯೊಳಗೆ ಕೂತುಬಿಟ್ಟಿತ್ತು. ಗೋಡೆಯ ಗೂಟಕ್ಕೆ ಇನ್ನೊಂದು ಊದುಗೊಳವೆ ನೇತಾಡುತ್ತಿತ್ತು. ಸಂಘದವರು ಬೇಡವೆಂದ ದಿನ ಅದು ಪ್ರಣಾಲಿಯ ಪಾಲು.

"ನೀ ಒಮ್ಮೆ ಕಾಯಂ ಆಗಿಬಿಡ ತಂಗಿ," ಎನ್ನುತ್ತಿದ್ದಳು ಧೊಂಡುಬಾಯಿ. "ಆ ಗ್ವಾಡಿ ಮ್ಯಾಲಿಂದು ಹಳೇ ಕಬ್ಬಣದವಗ ಹಾಕಿಬಿಡ್ತೇನಿ. ನಮ್ಮನ್ಯಾಗ ಕೆಮ್ಮವ್ರು ಒಬ್ರಽ ಸಾಕು."

ಸಂಘದ ಚೇರಮನ್ ಕಾಕಾಸಾಹೇಬರು. ಕೊಲ್ಹಾಪುರದಲ್ಲಿ ಅವರದೇ ದೊಡ್ಡ ಚಾಂದಿ ಅಂಗಡಿ. ಜಾಲತಾಣದಲ್ಲಿ ಚೇರಮನ್ನರ ಮನೋಗತ, ಚೇರಮನ್ನರ ಹುಟ್ಟುಹಬ್ಬ, ಚೇರಮನ್ನರು ಇತರ ಚೇರಮನ್ನರನ್ನು ಭೇಟಿಯಾದ ಕ್ಷಣಗಳು ಎಂದು ಮೂರು ಪುಟಗಳಿದ್ದವು. ಹೊಸ ಪುಟಕ್ಕೆ ನಿಯಮ ಒಂದೇ: ಮೇಲ್ತುದಿಯಲ್ಲಿ ಚೇರಮನ್ನರ ಫೋಟೊ ಇರತಕ್ಕದ್ದು, ಅದು ನಾಲ್ಕು ಬೆರಳಗಲಕ್ಕೆ ಕಡಿಮೆ ಇರತಕ್ಕದ್ದಲ್ಲ. ಪುಟವನ್ನು ಮುಂದಿಟ್ಟರೆ ಕಾಕಾಸಾಹೇಬರು ಪರದೆಗೆ ಕೈ ಆನಿಸಿ ಬೆರಳು ಎಣಿಸುವರು, ನಾಲ್ಕು ತುಂಬಿದರೆ ಸಹಿ ಹಾಕುವರು. ಫೋಟೊದ ಕೆಳಗೆ ಏನು ಬರೆದಿದೆ ಎಂದು ಓದುವುದು ನಿಯಮದಲ್ಲಿರಲಿಲ್ಲ.

ಆ ವರ್ಷ ಜನವರಿಯಲ್ಲಿ ಕೊಲ್ಹಾಪುರದಿಂದ ಅರಿಹಂತ ಎಂಬ ಸಲಹೆಗಾರನನ್ನು ಕರೆಸಲಾಯಿತು. ಆತ ಚಹಾ ಕುಡಿದು, ಜಾಲತಾಣ ನೋಡಿ, ಇನ್ನೊಂದು ಚಹಾ ಕೇಳಿದ.

"ಸಾಹೇಬ್ರ, ನಿಮ್ಮ ತಾಣ ತನ್ನ ಬಗ್ಗೆ ತಾನು ಏನ್ ಹೇಳ್ಕೊಂತೈತಿ ಅನ್ನೂದಕ್ಕ ಕಿಮ್ಮತ್ತಿಲ್ರಿ. ಬ್ಯಾರೆ ತಾಣದವ್ರು 'ಅಲ್ಲಿ ಹೋಗಿ ನೋಡ್ರಿ' ಅಂತ ನಿಮ್ ಕಡೆ ಬೊಟ್ಟ ಮಾಡಿ ತೋರಸ್ಬೇಕು. ಅದಕ್ಕ ಬ್ಯಾಕ್‌ಲಿಂಕ್ ಅಂತಾರ."

"ಎಷ್ಟ ಮಂದಿ ತೋರಸ್ಬೇಕು?"

"ನೂರು ಆದ್ರ 'ಡಿಜಿಟಲ್ ಸಹಕಾರ ಭೂಷಣ' ಪ್ರಶಸ್ತಿಗೆ ಅರ್ಜಿ ಹಾಕಬಹುದ್ರಿ. ಅದಕ್ಕ ಮಂದಿಗೆ ಉಪಯೋಗ ಆಗೂ ಅಂಥಾದ್ದು ಏನರ ಬರೀಬೇಕು. ಓದಿದವ್ರು ತಾವಽ ಲಿಂಕು ಹಾಕ್ತಾರ."

ಕೊನೆಯ ಮಾತು ಕಾಕಾಸಾಹೇಬರ ಕಿವಿಗೆ ಬೀಳಲಿಲ್ಲ. ಅವರಿಗೆ ಅಷ್ಟರಲ್ಲೇ ಎಲ್ಲ ತಿಳಿದುಹೋಗಿತ್ತು. "ಅಂದ್ರ ಫ್ಲೆಕ್ಸ್ ಇದ್ಹಂಗ!" ಎಂದರು.

ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ದೊಡ್ಡವರ ಕಾಲಬುಡಕ್ಕೆ ಸಾಲಾಗಿ ಶುಭೇಚ್ಛುಕರ ಮುಖಗಳಿರುತ್ತವೆ. ಮುಖ ಹೆಚ್ಚಿದಷ್ಟೂ ಮನುಷ್ಯ ದೊಡ್ಡವ. ಹಿಂದಿನ ವರ್ಷ ಅವರ ಫ್ಲೆಕ್ಸಿನಲ್ಲಿ ಎಂಬತ್ತನಾಲ್ಕು ಮುಖಗಳಿದ್ದವು. ಅದರಲ್ಲಿ ಒಬ್ಬರು ತೀರಿಕೊಂಡು ಎಂಟು ತಿಂಗಳಾಗಿತ್ತು, ಆದರೆ ಶುಭೇಚ್ಛೆ ಇನ್ನೂ ಚಾಲ್ತಿಯಲ್ಲಿತ್ತು. ಊರೂರು ಅಲೆದವರಿಗೆ ಗೊತ್ತಿರುವಂತೆ, ಕೆಲವು ದೇಶಗಳಲ್ಲಿ ದೊಡ್ಡವರಾಗಲು ಸೈನ್ಯ ಬೇಕಾಗುತ್ತದೆ. ನಮ್ಮಲ್ಲಿ ಹತ್ತು ಬೈ ಇಪ್ಪತ್ತರ ಬಟ್ಟೆ ಸಾಕು.

ಮರುದಿನವೇ ಠರಾವು ಸಂಖ್ಯೆ ಹದಿನೇಳು ಹೊರಬಿತ್ತು: "ಮಾರ್ಚ್ ಅಖೇರಿಯೊಳಗೆ ಸಂಘದ ಜಾಲತಾಣಕ್ಕೆ ನೂರು ಲಿಂಕು ಸಂಪಾದಿಸತಕ್ಕದ್ದು. ಸಂಪಾದಿಸಿದಲ್ಲಿ ಜಾಲತಾಣ ಸಹಾಯಕಿಯನ್ನು ಕಾಯಂ ಮಾಡತಕ್ಕದ್ದು. ಸಂಪಾದಿಸದಿದ್ದಲ್ಲಿ ಸದರಿಯವರ ಒಂದು ದಿನದ ವಿರಾಮವನ್ನು ಅನಿರ್ದಿಷ್ಟ ಕಾಲಕ್ಕೆ ವಿಸ್ತರಿಸತಕ್ಕದ್ದು."

ಮೊದಲ ಲಿಂಕಿಗಾಗಿ ಕಾಕಾಸಾಹೇಬರು ಪ್ರಣಾಲಿಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಕಂಪ್ಯೂಟರಿನ ಜೊತೆ ಕೂರಿಸಿಕೊಂಡು ಇಚಲಕರಂಜಿಗೆ ಹೋದರು. ಅಲ್ಲಿಯ ಶಹಾಪುರ ಭಾಗದಲ್ಲಿ ಮಗ್ಗದ ಮಾಲಕರ ಸಂಘವೊಂದಿತ್ತು. ಅದರ ಚೇರಮನ್ ಪದ್ಮಕುಮಾರರು ಶಾಲು, ತೆಂಗಿನಕಾಯಿ ಕೊಟ್ಟು ಬರಮಾಡಿಕೊಂಡರು. ಗೋಡೆಯಾಚೆ ಪವರ್‌ಲೂಮುಗಳ ಖಟಖಟ. ಎಲ್ಲರೂ ಕೂಗಿಯೇ ಮಾತಾಡಬೇಕಾದ್ದರಿಂದ ಸೌಜನ್ಯವೂ ಜಗಳದ ಹಾಗೆ ಕೇಳುತ್ತಿತ್ತು.

"ಕೊಡೂಣಲ್ರಿ ಲಿಂಕು! ಸಂಬಂಧ ಹಳೇದು," ಎಂದರು ಪದ್ಮಕುಮಾರರು. "ಮೊದಲ ನಿಮ್ಮ ಕಡಿಯಿಂದ ಬರ್ಲಿ."

"ನಾವಾಗೇ ಬಾಗಲತನಕ ಬಂದೇವಿ. ಇನ್ನ ಮೊದಲ ಲಿಂಕೂ ನಮ್ದಽ ಏನ್ರಿ?"

"ಅದಕ್ಕಽ ಅನ್ನೂದು. ಹೆಣ್ಣು ಕೇಳಾಕ ಬಂದವ್ರು ಮೊದಲ ಕೈ ಚಾಚಬೇಕು."

"ಹಂಗಾದ್ರ ನಾವು ಗಂಡಿನ ಕಡಿಯವ್ರಾದ್ವಿ. ಗಂಡಿನವ್ರ ಮಾನಪಾನ ಹೆಣ್ಣಿನವ್ರು ನೋಡ್ಕೋಬೇಕಲ್ರಿ?"

ಪದ್ಮಕುಮಾರರು ತಾವೇ ಆಡಿದ ಮಾತಿನಲ್ಲಿ ಸಿಕ್ಕಿಬಿದ್ದು ಇನ್ನೊಂದು ಸುತ್ತು ಚಹಾ ತರಿಸಿದರು. ವಿಷಯ ಸಣ್ಣದಲ್ಲ. ಮೊದಲು ಲಿಂಕು ಹಾಕಿದವನು ಎರಡನೆಯವನನ್ನು ದೊಡ್ಡವನೆಂದು ಒಪ್ಪಿದಂತೆ. ನಾಳೆ ಚೌಕದಲ್ಲಿ ತಲೆ ಎತ್ತುವುದು ಹೇಗೆ? ಕೊನೆಗೆ ಇಬ್ಬರೂ ಏಕಕಾಲಕ್ಕೆ ಹಾಕುವುದೆಂದು ತೀರ್ಮಾನವಾಗಿ, ಪಂಚಾಂಗ ನೋಡಿ, ಹನ್ನೊಂದು ಗಂಟೆ ನಲವತ್ತೆರಡು ನಿಮಿಷದ ಮುಹೂರ್ತ ತೆಗೆಯಲಾಯಿತು. ಒಬ್ಬರ ಪರದೆ ಒಬ್ಬರಿಗೆ ಕಾಣದಂತೆ ಎರಡು ಕಂಪ್ಯೂಟರುಗಳ ನಡುವೆ ಮಗ್ಗದಿಂದ ಆಗಷ್ಟೇ ಇಳಿಸಿದ ಧೋತರವನ್ನು ಮದುವೆಯ ಅಂತರಪಟದಂತೆ ಹಿಡಿಯಲಾಯಿತು. ಲೆಕ್ಕಿಗನೊಬ್ಬನಿಗೆ ಮಂಗಲಾಷ್ಟಕ ಬರುತ್ತಿತ್ತು. "ಸಾವಧಾನ" ಎಂದದ್ದೇ ಪ್ರಣಾಲಿ ಈ ಕಡೆ, ಅವರ ಗುಮಾಸ್ತ ಆ ಕಡೆ ಗುಂಡಿ ಒತ್ತಿದರು. ಅಕ್ಷತೆ ಬಿತ್ತು. ಕೀಬೋರ್ಡಿನ ಸಂದಿಯಿಂದ ಅಕ್ಕಿ ತೆಗೆಯಲು ಪ್ರಣಾಲಿಗೆ ಒಂದು ವಾರ ಹಿಡಿಯಿತು.

ಲಿಂಕುಗಳು ಅಷ್ಟು ಬಾಳಲಿಲ್ಲ. ಊಟದ ಹೊತ್ತಿಗೆ ಕಾಕಾಸಾಹೇಬರು, ತಮ್ಮ ಸಂಘದ ಹೆಸರನ್ನು ಅವರು ವಾರದ ರಜೆಯ ಸೂಚನೆಗಿಂತ ಸಣ್ಣ ಅಕ್ಷರದಲ್ಲಿ ಹಾಕಿದ್ದನ್ನು ಪತ್ತೆಹಚ್ಚಿದರು. ಪದ್ಮಕುಮಾರರು, ತಮ್ಮ ಹೆಸರಿನ ಹಿಂದೆ 'ಮಾನನೀಯ' ಇಲ್ಲದ್ದನ್ನು ಕಂಡರು. ಜಿಲೇಬಿ ಬಡಿಸುವ ಮುಂಚೆಯೇ ಸೋಡಚಿಟ್ಟಿ ಆಗಿ, ಎರಡೂ ಕಡೆಯವರು ಲಿಂಕು ಕಿತ್ತುಹಾಕಿದರು. ಫೆಬ್ರುವರಿಯ ಕೊನೆಯ ದಿನ ಒಟ್ಟು ಲಿಂಕು: ಸೊನ್ನೆ.

ಅಂದು ಸಂಜೆ ಪ್ರಣಾಲಿ ಮನೆಗೆ ಬಂದಾಗ ಧೊಂಡುಬಾಯಿಯ ಮುಂದೆ ನೆರೆಮನೆಯ ಹೆಂಗಸೊಬ್ಬಳು ಮಗಳ ಹೊಸ ಪೈಂಜಣ ಹಿಡಿದು ಕೂತಿದ್ದಳು. ಧೊಂಡುಬಾಯಿ ಅದನ್ನು ನೋಡಲಿಲ್ಲ, ನೋಡಿದರೂ ಕಾಣುತ್ತಿರಲಿಲ್ಲ. ಅದನ್ನು ಎತ್ತಿ ಫರಸಿಕಲ್ಲಿನ ನೆಲದ ಮೇಲೆ ಬಿಟ್ಟಳು.

"ಕೇಳಿದೇನು? ಖರೇ ಬೆಳ್ಳಿ ಬಿದ್ರ ಸಪ್ಪಳ ಎದ್ದು ಒಂದ್ ಹೆಜ್ಜಿ ನಡೀತೈತಿ. ಇದು ಬಿದ್ದಲ್ಲೇ ಕುಂತತಿ. ತಾಮ್ರ ಭಾಳ ಕೂಡಸ್ಯಾರ."

ಪ್ರಣಾಲಿ ಚಪ್ಪಲಿ ಬಿಡುವುದನ್ನೂ ಮರೆತು ಬಾಗಿಲಲ್ಲೇ ನಿಂತಳು. ಆಕೆಗೆ ಅರಿಹಂತ ಹೇಳಿದ ಕೊನೆಯ ಮಾತು, ಚೇರಮನ್ನರು ಕೇಳದೆ ಬಿಟ್ಟದ್ದು, ನೆನಪಾಯಿತು.

"ಅತ್ತಿ, ಇನ್ನೇನೇನ್ ಗುರ್ತು ಅದಾವ?"

ಇದ್ದವು. ಖೋಟಾ ಮಾಲನ್ನು ಮೂರು ದಿನ ಹಾಕಿಕೊಂಡರೆ ಹಿಮ್ಮಡಿ ಹಸುರಾಗುತ್ತದೆ. ಬೆಸುಗೆಯ ಗಂಟು ಗೆಜ್ಜೆಗಿಂತ ದಪ್ಪ ಇದ್ದರೆ ಬೆಸುಗೆಯನ್ನೇ ಬೆಳ್ಳಿಯ ದರಕ್ಕೆ ಮಾರಿದ್ದಾರೆ. ಗೆಜ್ಜೆ ಅಲುಗಿಸಿದರೆ ಒಳಗಿನ ಕಾಳು ನಗಬೇಕು, ಗೊಣಗಬಾರದು. ಹೊಳಪು ಭಾಳ ಇದ್ದರೆ ಸಂಶಯಪಡಬೇಕು. ಬೆಳ್ಳಿಗೆ ಅಷ್ಟು ಉತ್ಸಾಹ ಇರುವುದಿಲ್ಲ. ಹೀಗೆ ಏಳು. ಪ್ರಣಾಲಿ ಎಲ್ಲವನ್ನೂ ಅತ್ತೆಯ ಮಾತಿನಲ್ಲೇ ಕನ್ನಡದಲ್ಲಿ ಬರೆದಳು, ಮರಾಠಿಯಲ್ಲೂ ಬರೆದಳು, ಮೇಲ್ತುದಿಗೆ ನಿಯಮದಂತೆ ಚೇರಮನ್ನರ ಫೇಟಾ ಸುತ್ತಿದ ಫೋಟೊ ಹಾಕಿದಳು. ಕಾಕಾಸಾಹೇಬರು ಪರದೆಗೆ ಕೈ ಆನಿಸಿದರು. ನಾಲ್ಕು ಬೆರಳು, ಮೇಲೆ ಒಂದು ನೂಲು. ಸಹಿ ಬಿತ್ತು.

ಮೊದಲ ಲಿಂಕು ಬಂದದ್ದು ಗಡಹಿಂಗ್ಲಜದಿಂದ. ಅಲ್ಲಿ ಹುಡುಗಿಯರಿಗೆ ನೃತ್ಯ ಕಲಿಸುವ ಋತುಜಾ ಎಂಬಾಕೆ ತನ್ನ ತರಗತಿಯ ತಾಣದಲ್ಲಿ ಹಾಕಿದ್ದಳು: "ಖೋಟಾ ಬೆಳ್ಳಿಯನ್ನು ಗುರುತಿಸುವುದು ಹೇಗೆ? ಇಲ್ಲಿ ನೋಡಿ." ಆಕೆಗೆ ಯಾರೂ ಶಾಲು ಹೊದಿಸಿರಲಿಲ್ಲ, ಪಂಚಾಂಗ ತೋರಿಸಿರಲಿಲ್ಲ. ಬೆಳಗಾವಿಯ ಗ್ರಾಹಕರ ವೇದಿಕೆಯೊಂದು ಅದನ್ನೇ ಹಾಕಿತು. ಆಮೇಲೆ ಸಾಂಗ್ಲಿಯ ಪತ್ರಿಕೆ, ಮದುವೆ ಸಾಮಾನಿನ ಪಟ್ಟಿ ಕೊಡುವ ತಾಣಗಳು, ಧಾರವಾಡದ ಕಾಲೇಜು. ಮಾರ್ಚ್ ಇಪ್ಪತ್ತಕ್ಕೆ ಲಿಂಕು ನೂರಾ ಮೂರು. ಸಂಘದಲ್ಲಿ ಪೇಢಾ ಹಂಚಿದರು. ಕಾಯಂ ನೇಮಕದ ಆದೇಶ ಟೈಪಾಯಿತು; ಟೈಪು ಮಾಡಿದ್ದು ಪ್ರಣಾಲಿಯೇ. ಸಹಿಯೊಂದು ಬಾಕಿ.

ಅದೇ ವಾರ ಕೊಲ್ಹಾಪುರದಲ್ಲಿ ಕಾಕಾಸಾಹೇಬರ ಅಂಗಡಿಗೆ ಹೆಂಗಸರು ಬಂದು, ಪೈಂಜಣ ಕೈಗೆತ್ತಿಕೊಂಡು, ಏನೂ ಮಾತಾಡದೆ ನೆಲಕ್ಕೆ ಬಿಟ್ಟು, ಕಿವಿಗೊಟ್ಟು ಕೇಳಿ ಎದ್ದುಹೋಗತೊಡಗಿದರು. ಅಂಗಡಿಯ ನೆಲಕ್ಕೆ ಎರಡು ಬೆರಳು ದಪ್ಪದ ಗಾಲಿಚಾ ಹಾಸಲಾಯಿತು. ಗಿರಾಕಿಗಳು ಮಾಲನ್ನು ಹೊರಗೆ ಒಯ್ದು ಕಲ್ಲಿನ ಪಾವಟಿಗೆಯ ಮೇಲೆ ಬಿಟ್ಟರು. ಈಗ ಸಪ್ಪಳ, ಅಂದರೆ ಸಪ್ಪಳ ಇಲ್ಲದ್ದು, ರಸ್ತೆಗೇ ಕೇಳತೊಡಗಿತು. ಒಬ್ಬಾಕೆ ಹಸುರಾದ ಹಿಮ್ಮಡಿಯನ್ನೇ ಎತ್ತಿ ಗಲ್ಲಾಪೆಟ್ಟಿಗೆಯ ಮೇಲಿಟ್ಟು ತೋರಿಸಿದಳಂತೆ.

ಆಗ ಕಾಕಾಸಾಹೇಬರು ತಮ್ಮ ಫೋಟೊದ ಕೆಳಗಿನದನ್ನು ಮೊದಲ ಸಲ ಓದಿದರು. ಬರಹದಲ್ಲಿ ಯಾರ ಹೆಸರೂ ಇರಲಿಲ್ಲ. ಆದ್ದರಿಂದ ಅದು ತಮ್ಮ ಬಗ್ಗೆಯೇ ಎಂದು ಅವರಿಗೆ ತಕ್ಷಣ ಗೊತ್ತಾಯಿತು.

ತುರ್ತು ಸಭೆ ಕರೆದರು. ಅರಿಹಂತನೂ ಬಂದ. ಪ್ರಣಾಲಿ ಗೋಡೆಗೆ ಒರಗಿ ನಿಂತಿದ್ದಳು, ವಿರಾಮದ ದಿನವಲ್ಲದಿದ್ದರೂ.

"ಈ ಪುಟ ಹರದ ಒಗೀರಿ!"

"ಒಗದ್ರ ನೂರಾ ಮೂರು ಲಿಂಕೂ ಸಾಯ್ತಾವ್ರಿ ಸಾಹೇಬ್ರ," ಎಂದ ಅರಿಹಂತ. "ಬೊಟ್ಟ ಮಾಡಿ ತೋರಿಸಿದ ಕಡೆ ಏನೂ ಇಲ್ಲಂದ್ರ ಲೆಕ್ಕಕ್ಕ ಬರೂದಿಲ್ಲ. ಪ್ರಶಸ್ತೀನೂ ಹೋತು."

"ಬರದದ್ದು ಇದ್ರ ನನ್ನ ದುಕಾನ ಹೋತು."

ಸಭೆ ಗಂಭೀರವಾಯಿತು. ಲಿಂಕು ಬೇಕು, ಲಿಂಕಿಗೆ ಕಾರಣವಾದದ್ದು ಬೇಡ. ಸಹಕಾರ ಕ್ಷೇತ್ರದಲ್ಲಿ ಇಂಥ ಸಮಸ್ಯೆ ಹೊಸದಲ್ಲ. ಕಾಕಾಸಾಹೇಬರು ಕಣ್ಣುಮುಚ್ಚಿ ಐದು ನಿಮಿಷ ಯೋಚಿಸಿ, ದೊಡ್ಡವರು ಮಾತ್ರ ಮಾಡಬಲ್ಲಂಥ ತೀರ್ಮಾನ ಕೊಟ್ಟರು.

"ಬರದದ್ದು ಅಷ್ಟ ತಗೀರಿ. ಪುಟದ ಅಡ್ರೆಸ್ ಹಂಗಽ ಇರ್ಲಿ. ಫೋಟೊ ಹಂಗಽ ಇರ್ಲಿ."

ಎಲ್ಲರೂ ನಿಟ್ಟುಸಿರು ಬಿಟ್ಟರು. ಪ್ರಣಾಲಿ ಮಾತ್ರ ಒಂದು ಹೆಜ್ಜೆ ಮುಂದೆ ಬಂದಳು. ಮೇಜಿನ ಮೇಲೆ ಆಕೆಯ ಆದೇಶವಿತ್ತು, ಪಕ್ಕದಲ್ಲಿ ಟೊಪ್ಪಿಗೆ ತೆಗೆದ ಪೆನ್ನು.

"ಸಾಹೇಬ್ರ, ಅವ್ರವ್ರ ತಾಣದಾಗ ಅವ್ರು ಬರದದ್ದು ನಮ್ಮ ಕೈಯಾಗಿಲ್ರಿ. ಅದು ಹಂಗಽ ಉಳಿತೈತಿ."

"ಏನಂತ ಬರದಾರ?"

"'ಖೋಟಾ ಬೆಳ್ಳಿ ಗುರ್ತಿಸೂದು ಹೆಂಗ, ಇಲ್ಲಿ ನೋಡ್ರಿ' ಅಂತ."

"ಅದರಾಗ ನನ್ನ ಹೆಸರೈತೇನು?"

"ಇಲ್ರಿ."

"ಮತ್ಯಾಕ ಅಂಜಿಕಿ? ನೋಡಾಕ ಬಂದವ್ರು ನನ್ನ ಫೋಟೊ ನೋಡ್ತಾರ. ಮಾಡ ನೀ."

ಪ್ರಣಾಲಿ ಮಾಡಿದಳು. ಅತ್ತೆಯ ಏಳು ಗುರುತುಗಳು ಅಳಿಯುವುದಕ್ಕೆ ಒಂದು ಕ್ಷಣವೂ ಹಿಡಿಯಲಿಲ್ಲ. ಆದೇಶದ ಮೇಲೆ ಸಹಿ ಬಿತ್ತು. ಆ ರಾತ್ರಿ ಊಟದ ತಾಟಿನ ಮುಂದೆ ಆಕೆ ಅತ್ತೆಗೆ ಹೇಳಿದಳು.

"ಅತ್ತಿ, ನಾ ಕಾಯಂ ಆದೆ. ನೀ ಹೇಳಿದ್ದೆಲ್ಲಾ ಅಳಿಸಿಬಿಟ್ಟೆ."

"ಎಲ್ಲಾನೂ?"

"ಫೋಟೊ ಒಂದ್ ಬಿಟ್ಟು."

ಧೊಂಡುಬಾಯಿ ರೊಟ್ಟಿ ಮುರಿಯುತ್ತಿದ್ದವಳು ಕೈ ನಿಲ್ಲಿಸಿದಳು. ನೂರಾ ಮೂರು ಮಂದಿ ಏನಂತ ಬರೆದಿದ್ದಾರೆ ಎಂದು ಇನ್ನೊಮ್ಮೆ ಕೇಳಿ ತಿಳಿದುಕೊಂಡಳು. ಆಮೇಲೆ ಕೆಮ್ಮು ಬರುವವರೆಗೆ ನಕ್ಕಳು. ಮರುದಿನ ಗೋಡೆಯ ಊದುಗೊಳವೆ ಹಳೇ ಕಬ್ಬಿಣದವನ ಚೀಲ ಸೇರಿತು.

ಪ್ರಶಸ್ತಿ ಕೊಲ್ಹಾಪುರದಲ್ಲಿ ಪ್ರದಾನವಾಯಿತು. ಲಿಂಕುಗಳು ನಿಲ್ಲಲಿಲ್ಲ, ನಿಜ ಹೇಳಬೇಕೆಂದರೆ ಬರಹ ತೆಗೆದ ಮೇಲೆಯೇ ಜೋರಾದವು. ಜನ ಒತ್ತುತ್ತಿದ್ದರು, ಫೋಟೊ ನೋಡುತ್ತಿದ್ದರು, ಇನ್ನೊಬ್ಬರಿಗೆ ಕಳಿಸುತ್ತಿದ್ದರು. ಮಗ್ಗದ ಪದ್ಮಕುಮಾರರೂ ಮಾನಪಾನ ಮರೆತು, ಕೇಳದೆಯೇ, ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಲಿಂಕು ಹಾಕಿದರು: "ಖೋಟಾ ಬೆಳ್ಳಿ ಗುರುತಿಸುವುದು ಹೇಗೆ? ಇಲ್ಲಿ ನೋಡಿ." ಕಾಕಾಸಾಹೇಬರ ಕಣ್ಣಲ್ಲಿ ನೀರು ಬಂತು. ಎಂಬತ್ತನಾಲ್ಕು ಮುಖದ ಫ್ಲೆಕ್ಸು ಎಲ್ಲಿ, ನಾನೂರ ಹನ್ನೆರಡು ಲಿಂಕು ಎಲ್ಲಿ!

ವಾರ್ಷಿಕ ಸಭೆಯಲ್ಲಿ ಒಂದು ಠರಾವು ಬಂತು: ಸದರಿ ಪುಟದ ಫೋಟೊವನ್ನು ನಾಲ್ಕು ಬೆರಳಿನಿಂದ ಒಂದು ಗೇಣಿಗೆ ಏರಿಸತಕ್ಕದ್ದು. ಯಾರು ಸೂಚಿಸುತ್ತೀರಿ ಎಂದು ಕೇಳಿದಾಗ ಹಿಂದಿನ ಸಾಲಿನಿಂದ, ಹಳೇ ಸದಸ್ಯೆ ಧೊಂಡುಬಾಯಿ ಗೋಡೆ ಹಿಡಿದು ಎದ್ದು ನಿಂತಳು.

"ನಾ ಸೂಚಸ್ತೇನ್ರಿ. ದೊಡ್ಡದು ಮಾಡಿದಷ್ಟೂ ಚಲೋ, ನನ್ನಂಥಾ ಕಣ್ಣ ಇಲ್ಲದವ್ರಿಗೂ ಕಾಣ್ತೈತಿ. ಚೇರಮನ್ರು ಭಾಳ ಶ್ಯಾಣ್ಯಾರ ಅದಾರ. ನಾ ಏಳು ಗುರ್ತು ಹೇಳಿದ್ದೆ, ಇವ್ರು ಒಂದರಾಗ ಮುಗಿಸ್ಯಾರ."

ಮೊದಲು ಚಪ್ಪಾಳೆ ತಟ್ಟಿದವರು ಕಾಕಾಸಾಹೇಬರು. ಆಮೇಲೆ ಇಡೀ ಸಭೆ ತಟ್ಟಿತು, ಬಹಳ ಹೊತ್ತು ತಟ್ಟಿತು, ಕೆಲವರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ತಟ್ಟಿದರು. ನಡಾವಳಿಯಲ್ಲಿ ಹೀಗೆ ದಾಖಲಾಗಿದೆ: ಸೂಚಕಿ, ಧೊಂಡುಬಾಯಿ. ಅನುಮೋದಕರು, ಸರ್ವರೂ. ವಿರೋಧ, ಇಲ್ಲ. ಟೈಪು ಮಾಡಿದವರು, ಪ್ರಣಾಲಿ, ಕಾಯಂ, ಕುರ್ಚಿಯ ಮೇಲೆ ಕೂತು.